ಹಳೇ ಕಾರಿನ ನಂಬರ್ ಪ್ಲೇಟ್: ಕಾಯ್ದೆಗೂ ಸರಿಯಿರಲಿ, ಕಾಲಕ್ಕೂ ಸರಿಯಿರಲಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಹಳೇ ಕಾರುಗಳು ಇನ್ನೂ ಸಾಕಷ್ಟಿವೆ. ತೋಟದ ಮನೆಯ ಶೆಡ್ಡಿನಲ್ಲಿ ಅಜ್ಜನ ಅಂಬಾಸಿಡರ್, ರೈಸ್ ಮಿಲ್ಲಿನ ಹಿಂದೆ ತಾಡಪಾಲು ಹೊದ್ದ ಫಿಯೆಟ್, ಗಣಿ ಕೆಲಸಕ್ಕೆ ಓಡಾಡಿ ನಿಂತುಬಿಟ್ಟ ವಿಲ್ಲೀಸ್ ಜೀಪು. ಈಗ ಮಕ್ಕಳು, ಮೊಮ್ಮಕ್ಕಳು ಇವನ್ನು ಹೊರಗೆ ತೆಗೆದು ರಿಪೇರಿ ಮಾಡಿಸುತ್ತಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. ಆದರೆ ಟಿಂಕರಿಂಗ್, ಪೇಂಟು, ಸೀಟು ಅಂತ ಲಕ್ಷಗಟ್ಟಲೆ ಸುರಿದವರೂ ನಂಬರ್ ಪ್ಲೇಟಿನ ವಿಷಯಕ್ಕೆ ಬಂದಾಗ ರೇಡಿಯಂ ಅಂಗಡಿಗೆ ಹೋಗಿ ಹತ್ತು ನಿಮಿಷದಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತಾರೆ. ಇನ್ನು ಕೆಲವರು ಇಂಗ್ಲೆಂಡಿನ ಕಾರುಗಳ ಫೋಟೋ ನೋಡಿ, ಅದೇ ಥರ ಕಪ್ಪು ಪ್ಲೇಟ್ ಹಾಕಿಸಿ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾರೆ.

ನನ್ನ ಮಾತು ಇಷ್ಟೇ. ಹಳೇ ಕಾರಿನಲ್ಲಿ ಎಲ್ಲವನ್ನೂ ಬದಲಾಯಿಸಬಹುದು, ಮತ್ತೆ ಹುಡುಕಿ ತರಬಹುದು. ಹೆಡ್‌ಲೈಟು ಸಿಗುತ್ತದೆ, ಬಂಪರ್ ಸಿಗುತ್ತದೆ. ಮೊದಲ ದಿನ ಆ ಕಾರಿಗೆ ಕೊಟ್ಟ ನಂಬರ್ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಅದಕ್ಕೇ ಮೊದಲು ನಂಬರ್ ಉಳಿಸಿಕೊಳ್ಳಿ, ಪ್ಲೇಟಿನ ಅಂದಚಂದ ಆಮೇಲೆ ನೋಡೋಣ.

ಮೊದಲು: ನಿಮ್ಮ ನಂಬರ್ ಎಲ್ಲಿಯದು ತಿಳಿದುಕೊಳ್ಳಿ

ನಮ್ಮ ಭಾಗದ ಹಳೇ ನಂಬರ್‌ಗಳಿಗೆ ಬೇರೆ ಕಡೆ ಇಲ್ಲದ ಒಂದು ವಿಶೇಷ ಇದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು ಹೈದರಾಬಾದ್ ನಿಜಾಮರ ಸೀಮೆ. ಕೊಪ್ಪಳವೂ ಆಗ ರಾಯಚೂರು ಜಿಲ್ಲೆಯೊಳಗೇ ಇತ್ತು. ಇವೆರಡೂ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಪಕ್ಕದ ಗದಗ ಮುಂಬೈ ಪ್ರಾಂತ್ಯದಲ್ಲಿತ್ತು, ಚಿತ್ರದುರ್ಗ ಹಳೇ ಮೈಸೂರಿನಲ್ಲಿ. ಅಂದರೆ 1950ರಲ್ಲಿ ಗದಗ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದಲ್ಲಿ ಒಂದೊಂದು ಕಾರು ಕೊಂಡಿದ್ದರೆ ನಾಲ್ಕಕ್ಕೂ ನಾಲ್ಕು ರಾಜ್ಯಗಳ ನಂಬರ್ ಬೀಳುತ್ತಿತ್ತು.

1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಮೂರು ಅಕ್ಷರ, ಮುಂದೆ ನಾಲ್ಕರವರೆಗೆ ಅಂಕಿ ಇರುತ್ತಿತ್ತು. ಎಂಎಸ್ ಎಂದು ಶುರುವಾದರೆ ಮದ್ರಾಸ್. ಬಿಎಂ ಎಂದರೆ ಮುಂಬೈ. ಎಂವೈ ಎಂದರೆ ಮೈಸೂರು. ಮೈಸೂರಿನ ಎಂವೈ ಸರಣಿಗಳ ನಂತರ ಎಂಇ ಬಂತು, ಆಮೇಲೆ ಸಿಎ. ಈಗ ಜಾರಿಯಲ್ಲಿರುವ 1988ರ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಗೆ ಬಂದ ಮೇಲೆ ಕೆಎ ಶುರುವಾಯಿತು. ಇವತ್ತು ಬಳ್ಳಾರಿಗೆ 34, ಹೊಸಪೇಟೆಗೆ 35, ರಾಯಚೂರಿಗೆ 36, ಕೊಪ್ಪಳಕ್ಕೆ 37.

ನಿಮ್ಮ ಕಾರಿನ ಆರ್‌ಸಿ ಬುಕ್ಕಿನಲ್ಲಿ ಎಂಎಸ್ ಅಂತ ಶುರುವಾಗುವ ನಂಬರ್ ಇದ್ದು, ಮಾಲೀಕರ ವಿಳಾಸ ಬಳ್ಳಾರಿ ಕೌಲ್ ಬಜಾರ್ ಅಂತ ಇದ್ದರೆ, ಅದು ಬರೀ ನಂಬರ್ ಅಲ್ಲ. ಈ ಊರು ಮದ್ರಾಸಿಗೆ ಸೇರಿತ್ತು ಅನ್ನುವುದಕ್ಕೆ ಸಾಕ್ಷಿ. ಅದನ್ನು ಕೆಎ-34ಕ್ಕೆ ಬದಲಾಯಿಸಿಕೊಳ್ಳಿ ಅಂತ ಯಾರಾದರೂ ಸುಲಭದ ದಾರಿ ಹೇಳಿದರೆ ಒಪ್ಪಬೇಡಿ.

ಎರಡನೆಯದು: ಕಾಗದ ಸರಿ ಮಾಡಿಕೊಳ್ಳಿ

ಹಳೇ ಕಾರುಗಳ ವಿಷಯದಲ್ಲಿ ಜಾಸ್ತಿ ದಿನ ಹಿಡಿಯುವುದು ಇದೇ. ಆರ್‌ಸಿ ಬುಕ್ ಇದೆಯಾ ನೋಡಿ. ಇದ್ದರೆ ಅದರಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದುತ್ತಾ ಪರೀಕ್ಷಿಸಿ. ಬಾನೆಟ್ ಎತ್ತಿದರೆ ಹಿಂದಿನ ಗೋಡೆಯಂಥ ತಗಡಿನ ಮೇಲೆ ರಿವೆಟ್ ಹೊಡೆದ ಚಿಕ್ಕ ಪ್ಲೇಟು ಬಹಳ ಕಾರುಗಳಲ್ಲಿ ಇರುತ್ತದೆ. ಅದರ ಮೇಲೆ ಪೇಂಟಿನವರು ನಾಲ್ಕು ಸಲ ಸ್ಪ್ರೇ ಹೊಡೆದಿರುತ್ತಾರೆ. ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಅಂಕಿ ಹಾಳಾದರೆ ಅದೊಂದು ಹೊಸ ತಲೆನೋವು. ಹಳೇ ಬನಿಯನ್ ಬಟ್ಟೆಗೆ ಥಿನ್ನರ್ ಹಚ್ಚಿ ನಿಧಾನವಾಗಿ ಒರೆಸಿ. ಅಕ್ಷರ ಎದ್ದ ಮೇಲೆ ತೆಳು ಬಿಳಿ ಹಾಳೆ ಇಟ್ಟು, ಪೆನ್ಸಿಲ್ ಮಲಗಿಸಿ ಹಗುರಾಗಿ ಉಜ್ಜಿ. ಅಂಕಿಗಳು ಹಾಳೆಯ ಮೇಲೆ ಮೂಡುತ್ತವೆ. ಆರ್‌ಟಿಒ ಕಚೇರಿಯಲ್ಲಿ ಪೆನ್ಸಿಲ್ ಪ್ರಿಂಟ್ ಅಂತ ಕೇಳುವುದು ಇದನ್ನೇ. ಮೂರ್ನಾಲ್ಕು ಪ್ರತಿ ತೆಗೆದಿಟ್ಟುಕೊಳ್ಳಿ.

ಆರ್‌ಸಿ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಮೇಲೆ ನಮೂನೆ 26ರಲ್ಲಿ ನಕಲು ಆರ್‌ಸಿಗೆ ಅರ್ಜಿ. ಕಾರು ತೀರಿಹೋದ ಅಜ್ಜನ ಅಥವಾ ಅಪ್ಪನ ಹೆಸರಿನಲ್ಲೇ ಇದ್ದರೆ ನಮೂನೆ 31, ಜೊತೆಗೆ ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಕಾಗದ, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ. ನಮ್ಮ ಕಡೆ ಬಹಳ ಕಾರುಗಳು ನಿಂತಿರುವುದೇ ಈ ಕೊನೆಯದರಲ್ಲಿ. ಹೊಲದ ಪಾಲಾಗಿರುತ್ತದೆ, ಕಾರಿನ ಪಾಲು ಯಾರೂ ಮಾತಾಡಿರುವುದಿಲ್ಲ. ರಿಪೇರಿಗೆ ದುಡ್ಡು ಹಾಕುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿ ಮುಗಿಸಿ. ಬೇರೆಯವರಿಂದ ಕೊಂಡಿದ್ದರೆ ನಮೂನೆ 29 ಮತ್ತು 30.

ಹಳೇ ಪುಸ್ತಕದ ಆರ್‌ಸಿ ಕಂಪ್ಯೂಟರ್‌ಗೆ ಏರಿರುವುದಿಲ್ಲ, ಇದನ್ನು ನೆನಪಿಡಿ. ಸರ್ಕಾರದ ವಾಹನ್ ಜಾಲತಾಣದಲ್ಲಿ ನಂಬರ್ ಹೊಡೆದಾಗ ಮಾಹಿತಿ ಸಿಗದಿದ್ದರೆ ಗಾಬರಿಯಾಗಬೇಡಿ. ಮೂಲ ಆರ್‌ಸಿ ಹಿಡಿದುಕೊಂಡು ನಂಬರ್ ಕೊಟ್ಟ ಆರ್‌ಟಿಒ ಕಚೇರಿಗೇ ಹೋಗಿ, ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರ್‌ಗೆ ಏರಿಸುವ ಕೆಲಸ, ಮಾಡಿಕೊಡಿ ಅಂತ ಅರ್ಜಿ ಕೊಡಿ. ಅದಾಗುವವರೆಗೆ ಮುಂದಿನ ಯಾವ ಕೆಲಸವೂ ಆನ್‌ಲೈನಿನಲ್ಲಿ ಆಗುವುದಿಲ್ಲ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಗಡಿ ಊರಿನವರಿಗೆ ಒಂದು ಎಚ್ಚರಿಕೆ. ಆದೋನಿ, ಕರ್ನೂಲು, ಗದ್ವಾಲ, ರಾಯದುರ್ಗದಿಂದ ಹಳೇ ಗಾಡಿ ತರುವವರು ಬಹಳ ಜನ. ಬೇರೆ ರಾಜ್ಯದ ಗಾಡಿಗೆ ಅಲ್ಲಿಂದ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಹೊಸ ನಂಬರ್ ಪಡೆಯಬೇಕು. ಅಂದರೆ ಮಾಮೂಲಿ ದಾರಿಯಲ್ಲಿ ಹೋದರೆ ಹಳೇ ನಂಬರ್ ಕಳೆದುಹೋಗುತ್ತದೆ. ಕಾರಿನ ಬೆಲೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೂರನೆಯದು: ವಿಂಟೇಜ್ ಮಾಡಿಸಬೇಕಾ, ಬೇಡವಾ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ಗಾಡಿಗಳಿಗೇ ಬೇರೆ ನಿಯಮ ಮಾಡಿತು. ಮೊದಲ ನೋಂದಣಿ ಆದ ದಿನದಿಂದ 50 ವರ್ಷ ದಾಟಿದ ಬೈಕು, ಸ್ಕೂಟರು, ಕಾರುಗಳು ಇದರಡಿ ಬರುತ್ತವೆ. ವಿದೇಶದಿಂದ ತಂದವೂ ಬರುತ್ತವೆ. ಲಾರಿ, ಬಸ್ಸು, ಟ್ರ್ಯಾಕ್ಟರ್ ಬರುವುದಿಲ್ಲ. ಸಂಡೂರು ಅದಿರು ಸಾಗಿಸಿದ ಹಳೇ ಲಾರಿ ಎಷ್ಟೇ ಚೆನ್ನಾಗಿದ್ದರೂ ಈ ನಿಯಮದಲ್ಲಿ ಜಾಗ ಇಲ್ಲ. ನನಗೆ ಇದು ನಿಜಕ್ಕೂ ಬೇಸರ ತರಿಸುವ ವಿಷಯ.

ವಯಸ್ಸು ಒಂದೇ ಸಾಲದು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಮ್ಮ ಕಡೆಯ ಅಂಬಾಸಿಡರ್, ಜೀಪುಗಳಲ್ಲಿ ಬಹಳಷ್ಟಕ್ಕೆ ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡಾರ್ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ. ಆ ಕಾಲಕ್ಕೆ ಅದು ಜಾಣತನವೇ. ಆದರೆ ಅಂಥ ಗಾಡಿಯನ್ನು ವಿಂಟೇಜ್ ಅಂತ ತೋರಿಸಲು ಹೊರಟರೆ ತಪಾಸಣೆಯಲ್ಲಿ ನಿಲ್ಲುವುದಿಲ್ಲ. 1983ರ ಕೊನೆಗೆ ಬಂದ ಮಾರುತಿ 800ರ ಮೊದಲ ಗಾಡಿಗಳೂ 2033ರ ಕೊನೆವರೆಗೆ ಕಾಯಬೇಕು.

ಇನ್ನೊಂದು ದೊಡ್ಡ ಷರತ್ತು ಇದೆ. ವಿಂಟೇಜ್ ಅಂತ ನೋಂದಣಿಯಾದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ, ಬಾಡಿಗೆಗೂ ಬಿಡುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆನೆಗೊಂದಿಗೋ ಹುಲಿಗೆಮ್ಮನ ಗುಡಿಗೋ ಹೋಗಬೇಕು, ಆಗಾಗ ಹೊಲಕ್ಕೆ ಹೋಗಿಬರಬೇಕು ಅಂತಿದ್ದರೆ ವಿಂಟೇಜ್ ಬೇಡ. ಮಾಮೂಲಿ ಖಾಸಗಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ. ದೆಹಲಿಯಲ್ಲಿ ಹಳೇ ಗಾಡಿಗಳಿಗೆ (ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ) ಮಿತಿ ಹಾಕಿದ ನಿಯಮ ಕೇಳಿ ಹೆದರಬೇಡಿ, ಅದು ಆ ಪ್ರದೇಶದ್ದು.

ಮಾಮೂಲಿ ದಾರಿ ಹೀಗಿದೆ. ಮೊದಲ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ನಮೂನೆ 25ರಲ್ಲಿ ನವೀಕರಣ. ಗಾಡಿ ತೋರಿಸಬೇಕು, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆಯ ಪತ್ರ ಇರಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದರ ಏರಿಸಿದೆ. 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ, ಬೈಕಿಗೆ 2,000, ವಿದೇಶದಿಂದ ತರಿಸಿದ ಕಾರಿಗೆ 80,000. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500ರಂತೆ ಹೆಚ್ಚುವರಿ ಬೀಳುತ್ತದೆ. ಈ ದಾರಿಯಲ್ಲೂ ನಿಮ್ಮ ಹಳೇ ನಂಬರ್ ಹಾಗೇ ಉಳಿಯುತ್ತದೆ.

ವಿಂಟೇಜ್ ಬೇಕು ಅನ್ನುವವರು ಪರಿವಾಹನ್ ಪೋರ್ಟಲಿನಲ್ಲಿ ನಮೂನೆ 20ರ ಜೊತೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್, ಹಳೇ ಆರ್‌ಸಿ, ವಿದೇಶದ್ದಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಸೇರಿಸಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಸಿಕ್ಕ ನೋಂದಣಿ 10 ವರ್ಷಕ್ಕೆ. ಈಗಾಗಲೇ ಭಾರತದಲ್ಲಿ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು ಅಂತ ನಿಯಮದಲ್ಲೇ ಇದೆ. ಹೊಸದಾಗಿ ನಂಬರ್ ಕೊಡಬೇಕಾದವಕ್ಕೆ ಮಾತ್ರ ರಾಜ್ಯದ ಅಕ್ಷರಗಳ ನಂತರ ವಿಎ ಬರುತ್ತದೆ, ಆಮೇಲೆ ಎರಡಕ್ಷರದ ಸರಣಿ, ಕೊನೆಗೆ 0001ರಿಂದ 9999ರೊಳಗಿನ ಅಂಕಿ. ಕೌಂಟರಿನಲ್ಲಿ ಯಾರಾದರೂ ವಿಎ ನಂಬರ್ ತಗೊಳ್ಳಲೇಬೇಕು ಅಂದರೆ ಈ ನಿಯಮ ತೋರಿಸಿ ಮಾತಾಡಿ. ಇದರಲ್ಲಿ ಸಂಕೋಚ ಬೇಡ.

ನಾಲ್ಕನೆಯದು: ರಸ್ತೆಗೆ ಇಳಿಯುವ ಪ್ಲೇಟ್

ಖಾಸಗಿ ಗಾಡಿಗೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಬಾಡಿಗೆ ಗಾಡಿಗೆ ಹಳದಿ ಮೇಲೆ ಕಪ್ಪು. ಕಪ್ಪು ಮೇಲೆ ಹಳದಿ ಅಕ್ಷರ ಇದ್ದರೆ ಅದು ನಾವೇ ಓಡಿಸಿಕೊಳ್ಳಲು ಬಾಡಿಗೆಗೆ ಕೊಡುವ ಕಾರು. ಕಪ್ಪು ಮೇಲೆ ಬಿಳಿ ಅಕ್ಷರದ ಪ್ಲೇಟು ಹಿಂದೆ ಎಲ್ಲ ಖಾಸಗಿ ಕಾರುಗಳಿಗೂ ಇದ್ದದ್ದೇ, ಆದರೆ ಈ ಶತಮಾನದ ಶುರುವಿನಲ್ಲಿ ಅದು ಬದಲಾಯಿತು. ಇಂಗ್ಲೆಂಡಿನಲ್ಲಿ 1980ರ ಜನವರಿ 1ಕ್ಕಿಂತ ಮೊದಲು ತಯಾರಾಗಿ, ಐತಿಹಾಸಿಕ ವಾಹನ ಅಂತ ದಾಖಲಾದ ಕಾರಿಗೆ ಕಪ್ಪು ಪ್ಲೇಟ್ ಹಾಕಲು ಬಿಟ್ಟಿದ್ದಾರೆ. ನಮ್ಮಲ್ಲೂ ಅಂಥ ಅವಕಾಶ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1962ರ ಫಿಯೆಟ್ ಮೇಲೆ ಹೊಳೆಯುವ ಬಿಳಿ ಪ್ಲೇಟ್ ಕಣ್ಣಿಗೆ ಚುಚ್ಚುತ್ತದೆ. ಆದರೆ ಕೊಡುವವರೆಗೆ ರಸ್ತೆಯಲ್ಲಿ ಬಿಳಿಯೇ ಇರಲಿ.

ಕರ್ನಾಟಕದಲ್ಲಿ 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಕಡ್ಡಾಯ ಅಂತ 2023ರ ಆಗಸ್ಟ್‌ನಲ್ಲಿ ಆದೇಶವಾಯಿತು. ಎಚ್‌ಎಸ್‌ಆರ್‌ಪಿ ಹಾಕಿಸಿದರೆ ನಂಬರ್ ಬದಲಾಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ನಿಮ್ಮ ಆರ್‌ಸಿಯಲ್ಲಿರುವ ಹಳೇ ಮೂರಕ್ಷರದ ನಂಬರೇ ಅದರ ಮೇಲೆ ಉಬ್ಬಾಗಿ ಬರುತ್ತದೆ. ಅಲ್ಯೂಮಿನಿಯಂ ತಗಡು, ಅಶೋಕ ಚಕ್ರದ ಹೊಲೊಗ್ರಾಮ್, ನೀಲಿ ಬಣ್ಣದ ಐಎನ್‌ಡಿ ಅನ್ನುವ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಕಾರಿಗೆ ಎರಡು ಅಳತೆ: 500ಕ್ಕೆ 120 ಮಿಲಿಮೀಟರಿನ ಉದ್ದನೆಯದು, 340ಕ್ಕೆ 200ರ ಚೌಕಾಕಾರದ್ದು. ಬುಕ್ ಮಾಡುವ ಮೊದಲು ಟೇಪು ಹಿಡಿದು ನಿಮ್ಮ ಕಾರಿನ ಜಾಗ ಅಳೆದುಕೊಳ್ಳಿ. ಮುಂದಿನ ಬಂಪರ್ ಕೆಳಗೆ ಉದ್ದನೆಯದು ಕೂರುತ್ತದೆ, ಆದರೆ ಹಳೇ ಕಾರುಗಳ ಡಿಕ್ಕಿಯ ಮೇಲೆ ಅಗಲ ಕಡಿಮೆ ಇರುವುದರಿಂದ ಚೌಕದ್ದೇ ಒಪ್ಪುತ್ತದೆ. ಬುಕಿಂಗ್ ಪಟ್ಟಿಯಲ್ಲಿ ನಿಮ್ಮ ಕಾರಿನ ಕಂಪನಿಯೇ ಇಲ್ಲದಿದ್ದರೆ ಆರ್‌ಸಿ ಹಿಡಿದು ಆರ್‌ಟಿಒ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ನಿಯಮದ ಪ್ರಕಾರ ಅಕ್ಷರಗಳು ಇಂಗ್ಲಿಷಿನಲ್ಲಿ, ಅಂಕಿಗಳು 1, 2, 3 ರೂಪದಲ್ಲೇ ಇರಬೇಕು. ದೇವರ ಚಿತ್ರ, ಜಾತಿ, ಪಕ್ಷ, ಹುದ್ದೆ ಯಾವುದೂ ಪ್ಲೇಟಿನ ಮೇಲೆ ಬೇಡ. ಹಿಂದಿನ ಪ್ಲೇಟಿಗೆ ಬಿಳಿ ದೀಪ ಇರಬೇಕು, ರಾತ್ರಿ 15 ಮೀಟರ್ ದೂರದಿಂದ ನಂಬರ್ ಓದಲು ಬರಬೇಕು. ಹಳೇ ಕಾರುಗಳಲ್ಲಿ ಈ ಪುಟ್ಟ ದೀಪದ ವೈರು ಇಲಿ ಕಡಿದಿರುತ್ತದೆ ಅಥವಾ ಅರ್ತಿಂಗ್ ತುಕ್ಕು ಹಿಡಿದಿರುತ್ತದೆ. ತಪಾಸಣೆಗೆ ಹೋಗುವ ಮುನ್ನ ನೋಡಿಕೊಳ್ಳಿ.

ಜಾವಾ, ಯೆಜ್ಡಿ, ಹಳೇ ಬುಲೆಟ್ ಇರುವವರಿಗೆ ಒಂದು ಮಾತು. ಮುಂದಿನ ಮಡ್‌ಗಾರ್ಡ್ ಮೇಲೆ ಉದ್ದಕ್ಕೆ ನಿಲ್ಲಿಸಿ ಎರಡೂ ಕಡೆ ನಂಬರ್ ಬರೆಯುತ್ತಿದ್ದ ಬಾಗಿದ ಪ್ಲೇಟು ನೋಡಲು ಬಹಳ ಚಂದ. ಈಗಿನ ನಿಯಮ ಮುಂದಿನ ನಂಬರ್ ಹ್ಯಾಂಡಲಿಗೆ ಸಮಾನಾಂತರವಾಗಿ, ಎದುರಿಗೆ ಕಾಣುವ ಹಾಗೆ ಇರಲಿ ಅನ್ನುತ್ತದೆ. ಹಳೇ ಬಾಗಿದ ಪ್ಲೇಟನ್ನು ಎಸೆಯಬೇಡಿ, ಜೋಪಾನ ಮಾಡಿ.

ಇಲ್ಲಿ ಒಂದು ಖಡಕ್ ಮಾತು ಹೇಳಲೇಬೇಕು. ಕೆಎ ನಂಬರಿನ ಕಾರಿಗೆ ಚಂದಕ್ಕೆ ಅಂತ ಯಾವುದೋ ಎಂವೈ ನಂಬರ್ ಬರೆಸಿಕೊಂಡು ರಸ್ತೆಗೆ ತರುವುದು ಅಪರಾಧ. ಗುಜರಿಗೆ ಹೋದ ಕಾರಿನ ಆರ್‌ಸಿ ಕೊಂಡು, ಆ ನಂಬರನ್ನು ಬೇರೆ ಗಾಡಿಗೆ ಹಾಕುವುದು ಇನ್ನೂ ದೊಡ್ಡ ಅಪರಾಧ. ಇಂಥ ಗಾಡಿ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಚಾಸಿ ನಂಬರ್ ನೋಡದೆ ಮುಂಗಡ ಕೊಡಬೇಡಿ.

ಐದನೆಯದು: ಆ ಕಾಲದ ಪ್ಲೇಟ್ ಮಾಡಿಸುವುದು

ಇದು ಪ್ರದರ್ಶನಕ್ಕೆ, ಫೋಟೋಗೆ, ಮನೆಯಂಗಳದಲ್ಲಿ ನಿಲ್ಲಿಸಿದಾಗ ಹಾಕುವ ಪ್ಲೇಟ್. ಇದರ ಮೇಲೂ ಆರ್‌ಸಿಯಲ್ಲಿರುವ ನಿಮ್ಮ ನಂಬರೇ ಇರಲಿ.

ಮೊದಲು ಮನೆಯ ಹಳೇ ಆಲ್ಬಮ್ ತೆಗೆಯಿರಿ. ಮದುವೆ ಫೋಟೋಗಳಲ್ಲಿ ಕಾರು ಖಂಡಿತ ಇರುತ್ತದೆ, ಹೂವಿನ ಮಾಲೆ ಹಾಕಿದ ಬಾನೆಟ್ಟಿನ ಕೆಳಗೆ ನಂಬರ್ ಕಾಣುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಕ್ಷರ ಮತ್ತು ಅಂಕಿ ಒಂದೇ ಸಾಲಿನಲ್ಲಿದೆಯಾ, ಎರಡು ಸಾಲಾ? ಮಧ್ಯೆ ಅಡ್ಡಗೆರೆ ಇದೆಯಾ? ಸುತ್ತ ಬಿಳಿ ಅಂಚು ಎಳೆದಿದ್ದಾರಾ? ಪ್ಲೇಟಿನ ಮೂಲೆ ಚೂಪೋ ದುಂಡಗೋ? ನಿಮ್ಮ ಕಾರಿನದೇ ಫೋಟೋ ಇದ್ದರೆ ಬೇರೆ ಯಾವ ಮಾದರಿಯೂ ಬೇಡ. ಇಲ್ಲದಿದ್ದರೆ ಅದೇ ಊರಿನ, ಅದೇ ಕಾಲದ ಬೇರೆ ಕಾರಿನ ಫೋಟೋ ಹುಡುಕಿ. ಮುಂಬೈ ಕಾರಿನ ಶೈಲಿ ತಂದು ಬಳ್ಳಾರಿ ಕಾರಿಗೆ ಹಚ್ಚುವುದು ಸರಿಯಲ್ಲ.

ಖಾಸಗಿ ಕಾರಾದರೆ ಕಪ್ಪು ಮೇಲೆ ಬಿಳಿ. ಆ ಕಾಲದಲ್ಲಿ ಬಾಡಿಗೆ ಗಾಡಿಯಾಗಿತ್ತು ಅಂತ ಆರ್‌ಸಿಯಲ್ಲಿ ಇದ್ದರೆ ಬಿಳಿ ಮೇಲೆ ಕಪ್ಪು. ಹಳದಿ ಪ್ಲೇಟ್ ಆಮೇಲೆ ಬಂದದ್ದು, ಅದನ್ನು 1965ರ ಟ್ಯಾಕ್ಸಿಗೆ ಹಾಕಿದರೆ ಕಾಲ ತಪ್ಪುತ್ತದೆ.

ತಗಡು ಕಬ್ಬಿಣದ್ದೋ ಜಿಐ ಶೀಟೋ ಆಗಲಿ, ಅಕ್ರಿಲಿಕ್ ಬೇಡ. ಎರಡೂ ಬದಿಗೆ ಉಪ್ಪುಕಾಗದ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಕಪ್ಪು ಎನಾಮಲ್ ಎರಡು ಕೋಟ್. ರಾಯಚೂರಿನ ಬೇಸಿಗೆಯ ಬಿಸಿಲಿಗೆ ಸ್ಟಿಕ್ಕರ್ ಅಂಚು ಎದ್ದು ಸುರುಳಿಯಾಗುತ್ತದೆ. ಕೈಯಲ್ಲಿ ಬರೆದ ಎನಾಮಲ್ ವರ್ಷಗಟ್ಟಲೆ ನಿಲ್ಲುತ್ತದೆ.

ಬರೆಸುವುದಕ್ಕೆ ಲಾರಿ ಬಾಡಿ ಕಟ್ಟುವ ಕಡೆ ಹೋಗಿ. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವವರು ಕಡಿಮೆಯಾದರು. ಆದರೆ ಲಾರಿ, ಟ್ರ್ಯಾಕ್ಟರ್ ಟ್ರೇಲರ್ ಬರೆಯುವ ಕೈಗಳು ನಮ್ಮ ಮೂರೂ ಜಿಲ್ಲೆಯಲ್ಲಿ ಇನ್ನೂ ಇವೆ. ಕೊಪ್ಪಳದ ಒಬ್ಬ ಹಿರಿಯ ಪೇಂಟರ್ ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ದಾರಕ್ಕೆ ಚಾಕ್‌ಪೀಸ್ ಉಜ್ಜಿ, ಎರಡು ತುದಿ ಹಿಡಿದು, ಮಧ್ಯೆ ಎತ್ತಿ ಟಪ್ ಅಂತ ಬಿಡುತ್ತಾರೆ. ಕಪ್ಪು ತಗಡಿನ ಮೇಲೆ ನೇರ ಬಿಳಿ ಗೆರೆ ಬೀಳುತ್ತದೆ. ಮೇಲೊಂದು, ಕೆಳಗೊಂದು. ಆಮೇಲೆ ಎಡಗೈ ಕಿರುಬೆರಳನ್ನು ತಗಡಿಗೆ ಊರಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟು, ಚಪ್ಪಟೆ ಬ್ರಷ್ಷನ್ನು ಒಂದೇ ಉಸಿರಿಗೆ ಎಳೆಯುತ್ತಾರೆ. "ಅಂಕಿ ಮೊದಲು ಎಣಸ್ಬೇಕು ಸರ, ಅಕ್ಷರ ಆಮ್ಯಾಗ. ಇಲ್ಲಂದ್ರ ಕೊನೀ ಅಂಕಿಗೆ ಜಾಗಾ ಸಾಲಂಗಿಲ್ಲ" ಅಂದರು. ಮೂರಕ್ಷರ, ನಾಲ್ಕಂಕಿಯನ್ನು ಒಂದೇ ಸಾಲಿನಲ್ಲಿ ಬರೆಸುವಾಗ ಇದು ಬಹಳ ಉಪಯೋಗಕ್ಕೆ ಬರುವ ಮಾತು.

ಅಳತೆ ಗೊತ್ತಾಗದಿದ್ದರೆ ಈಗಿನ ನಿಯಮದ ಅಳತೆಯನ್ನೇ ಇಟ್ಟುಕೊಳ್ಳಿ. ಕಾರಿಗೆ ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10, ಮಧ್ಯದ ಜಾಗ 10. 200 ಮಿಲಿಮೀಟರ್ ಎತ್ತರದ ತಗಡಿನಲ್ಲಿ ಎರಡು ಸಾಲು ಬರೆದರೆ 130 ಅಕ್ಷರಕ್ಕೆ ಹೋಗುತ್ತದೆ, 70 ಉಳಿಯುತ್ತದೆ. ಅದನ್ನು ಮೇಲೆ, ಮಧ್ಯೆ, ಕೆಳಗೆ ಸುಮಾರು 23ರಂತೆ ಹಂಚಿ. ಮೇಲಿನ ಸಾಲಿನಲ್ಲಿ ಅಕ್ಷರ, ಕೆಳಗೆ ಅಂಕಿ. ಗೀಟಿನ ದಪ್ಪ ಎಲ್ಲ ಕಡೆ ಒಂದೇ ಸಮ ಇರಲಿ. ನೆರಳು, ಓರೆ ಅಕ್ಷರ, ಬಾಲ ಎಳೆದ ಅಂಕಿ ಲಾರಿಗೆ ಚಂದ, ಈ ಪ್ಲೇಟಿಗೆ ಬೇಡ ಅಂತ ಪೇಂಟರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಪ್ರೀತಿಯಿಂದಲೇ ಹಾಕಿಬಿಡುತ್ತಾರೆ.

ಹಾಕುವಾಗ ಎಚ್‌ಎಸ್‌ಆರ್‌ಪಿ ಬಿಚ್ಚಬೇಡಿ. ಅದನ್ನು ಸ್ನ್ಯಾಪ್ ಲಾಕ್ ಹಾಕಿ ಕೂರಿಸಿರುತ್ತಾರೆ, ಬಿಚ್ಚಿದರೆ ಲಾಕ್ ಮುರಿಯುತ್ತದೆ. ಹಳೇ ಶೈಲಿಯ ಪ್ಲೇಟಿನ ಹಿಂದೆ ಎರಡು ಚಿಕ್ಕ ಕೊಕ್ಕೆ ವೆಲ್ಡ್ ಮಾಡಿಸಿ, ಪ್ರದರ್ಶನದ ಮೈದಾನಕ್ಕೆ ಹೋಗಿ ಗಾಡಿ ನಿಲ್ಲಿಸಿದ ಮೇಲೆ ಬಿಳಿ ಪ್ಲೇಟಿನ ಮೇಲೆ ನೇತುಹಾಕಿ. ಹೊರಡುವಾಗ ತೆಗೆದು ಡಿಕ್ಕಿಯಲ್ಲಿಡಿ. ರಸ್ತೆಯಲ್ಲಿ ಅಸಲಿ ಪ್ಲೇಟನ್ನು ಮುಚ್ಚಿಕೊಂಡು ಹೋಗುವುದು ತಪ್ಪು, ಅದು ಹೊಸಪೇಟೆಯಿಂದ ಹಂಪಿವರೆಗಿನ ಚಿಕ್ಕ ದಾರಿಯಾದರೂ ಸರಿ. ಕೊಕ್ಕೆಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿಬಿಡಿ, ಆಗ ಬಂಪರಿನ ಕ್ರೋಮ್ ಗೀಚುವುದಿಲ್ಲ. ಧೂಳು ಒರೆಸಲು ಒದ್ದೆ ಬಟ್ಟೆ ಸಾಕು. ಪೆಟ್ರೋಲ್ ಹಚ್ಚಿ ಒರೆಸಿದರೆ ಬಿಳಿ ಬಣ್ಣ ಕರಗಿ ಕಪ್ಪಿನ ಮೇಲೆ ಹರಡುತ್ತದೆ.